ನಾಲ್ಕು ಬಾರಿಸಿದರೆ ಹೋಗುವ ಚಟವೇ?

ಕುಣಿಗಲ್‌ನ ನಮ್ಮ ಖಾಲಾ ಅವರ ಮಗ ನನಗಿಂತ ಎರಡು ವರ್ಷ ಚಿಕ್ಕವನು. ಬೇಸಿಗೆ ರಜೆಗೆ ಗುಬ್ಬಿಯ ನಮ್ಮ ಮನೆಗೆ ಬಂದಿದ್ದಾಗ ಅವನ ಬ್ಯಾಗಿನಲ್ಲಿ ಪಂಕ್ಚರ್ ಹಾಕುವ ಸಲ್ಯೂಷನ್ ಟ್ಯೂಬು, ಅಂಟಂಟಾದ ಒಂದು ಕರ್ಚೀಫು ಸಿಕ್ಕಿತು. ಅಬ್ಬಾ "ಹುಡುಗಾಟ, ನಾಲ್ಕು ಬಾರಿಸಿದರೆ ಸರಿಹೋಗ್ತಾನೆ" ಅಂದರು. ಖಾಲಾ "ನನ್ನ ಮಗ ಡ್ರಗ್ ಅಡಿಕ್ಟ್ ಆಗಿಬಿಟ್ಟ" ಎಂದು ಅತ್ತರು. ನಾನೂ ಅವನನ್ನು ಕೆಟ್ಟ ಹೆಸರಿಟ್ಟು ಕರೆದೆ. ನಶೆ ಹರಾಮ್ ಎಂದು ಚಿಕ್ಕಂದಿನಿಂದ ಕೇಳಿದವರು ನಾವು. ಅದಕ್ಕೇ ಇರಬೇಕು, ಮೊದಲು ತೋಚಿದ್ದು ವಿಷಯ ಮುಚ್ಚಿಡುವುದು. ಕೊನೆಗೆ ತುಮಕೂರಿನಲ್ಲಿ ಒಬ್ಬ ಮನೋವೈದ್ಯರನ್ನು ಕಂಡೆವು. ಅಲ್ಲಿ ತಿಳಿದದ್ದನ್ನು, ಆಮೇಲೆ ನಾನೇ ಓದಿದ್ದನ್ನು ಅವನನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ.

ರಕ್ತ, ಮೂತ್ರ ಪರೀಕ್ಷೆ ಮಾಡಿ ಹೇಳಿಬಿಡುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ಇತ್ತೀಚೆಗೆ ದೇಹಕ್ಕೆ ಏನೋ ಸೇರಿದೆ ಎಂದಷ್ಟೇ ಅಂಥ ಪರೀಕ್ಷೆ ಹೇಳಬಲ್ಲದು. ಅದು ಕಾಯಿಲೆಯಾಗಿದೆಯೇ ಎಂದು ಹೇಳದು. ಸಲ್ಯೂಷನ್, ಥಿನ್ನರ್‌ನಂಥವು ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಸಿಗುವುದೂ ಇಲ್ಲ. ರೋಗನಿರ್ಣಯ ನಡೆಯುವುದು ಮಾತುಕತೆಯಿಂದ. ಡಾಕ್ಟರು ನಮ್ಮನ್ನೆಲ್ಲ ಹೊರಗೆ ಕೂರಿಸಿ ಅವನೊಬ್ಬನ ಜೊತೆ ಬಹಳ ಹೊತ್ತು ಮಾತಾಡಿದರು, ಆಮೇಲೆ ಖಾಲಾ ಜೊತೆ.

ವೈದ್ಯರು ಬಳಸುವ ಅಳತೆಗೋಲುಗಳಲ್ಲಿ ಒಂದು, ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಎಂಬ ಕೈಪಿಡಿ. ಅದಕ್ಕೂ ಹಿಂದೆ 'ದುರ್ಬಳಕೆ', 'ಅವಲಂಬನೆ' ಎಂದು ಎರಡು ಬೇರೆ ಬೇರೆ ಹೆಸರುಗಳಿದ್ದವು. ಈಗ ಎರಡನ್ನೂ ಸೇರಿಸಿ 'ಮಾದಕ ವಸ್ತು ಬಳಕೆಯ ಅಸ್ವಸ್ಥತೆ' ಎಂಬ ಒಂದೇ ಹೆಸರು, ಅದಕ್ಕೆ 11 ಲಕ್ಷಣಗಳು. ಅಂದುಕೊಂಡದ್ದಕ್ಕಿಂತ ಹೆಚ್ಚು ಬಳಸುವುದು, ಬಿಡಲು ಹೋಗಿ ಸೋಲುವುದು, ಅದನ್ನು ಹುಡುಕಿ, ಬಳಸಿ, ಚೇತರಿಸಿಕೊಳ್ಳುವುದರಲ್ಲೇ ದಿನ ಕಳೆಯುವುದು, ಬೇಕೇಬೇಕೆಂಬ ಸೆಳೆತ, ಕ್ಲಾಸು-ಕೆಲಸ ತಪ್ಪುವುದು, ಮನೆಯವರೊಂದಿಗೆ ಜಗಳವಾದರೂ ನಿಲ್ಲಿಸದಿರುವುದು, ಇಷ್ಟದ ಆಟ-ಸ್ನೇಹ ಬಿಡುವುದು, ಗಾಡಿ ಓಡಿಸುವಾಗಿನಂಥ ಅಪಾಯದ ಹೊತ್ತಿನಲ್ಲೂ ಬಳಸುವುದು, ಮೈಗೆ ಮನಸ್ಸಿಗೆ ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಬಳಸುವುದು, ಮೊದಲಿನಷ್ಟು ಸಾಲದೆ ಪ್ರಮಾಣ ಏರುವುದು, ನಿಲ್ಲಿಸಿದರೆ ನಡುಕ-ನಿದ್ದೆಗೇಡಿನಂಥ ತೊಂದರೆ ಕಾಣುವುದು. 12 ತಿಂಗಳೊಳಗೆ ಇವುಗಳಲ್ಲಿ 2-3 ಕಂಡರೆ ಸೌಮ್ಯ, 4-5 ಇದ್ದರೆ ಮಧ್ಯಮ, 6 ಅಥವಾ ಹೆಚ್ಚಿದ್ದರೆ ತೀವ್ರ. ಒಂದೂ ಇಲ್ಲದೆ ಒಮ್ಮೆ ಸೇದಿ ನೋಡಿದವನು ತಪ್ಪು ಮಾಡಿರಬಹುದು, ಆದರೆ ರೋಗಿ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 (2022ರ ಜನವರಿಯಿಂದ ಜಾರಿ) ಬೇರೆ ದಾರಿ ಹಿಡಿದಿದೆ. ಇನ್ನೂ ಕಾಯಿಲೆಯಾಗದ 'ಅಪಾಯಕಾರಿ ಬಳಕೆ', ಆಗಲೇ ಹಾನಿ ಮಾಡಿರುವ ಬಳಕೆ, ಕೊನೆಗೆ ಅವಲಂಬನೆ. ನನಗೆ ಈ ಮೊದಲ ಮೆಟ್ಟಿಲು ಬಹಳ ಉಪಯುಕ್ತ ಅನ್ನಿಸಿತು. ಹುಡುಗರನ್ನು ತಡೆದು ನಿಲ್ಲಿಸಬೇಕಾದ್ದು ಅಲ್ಲೇ.

ಕಷ್ಟವೆಂದರೆ ಈ ಪಟ್ಟಿ ಹೆಚ್ಚಾಗಿ ದೊಡ್ಡವರನ್ನು ನೋಡಿ ಮಾಡಿದ್ದು. ಬಿಟ್ಟಾಗ ಕಾಣುವ ನಡುಕ ವರ್ಷಗಟ್ಟಲೆ ಕುಡಿದವರಲ್ಲಿ ಸಾಮಾನ್ಯ, ಹದಿನಾರರ ಹುಡುಗನಲ್ಲಿ ಅಪರೂಪ. ನಮ್ಮ ವಯಸ್ಸಿನಲ್ಲಿ ಸಿಡುಕು, ತಡವಾಗಿ ಏಳುವುದು, ಕೋಣೆ ಬಾಗಿಲು ಹಾಕಿಕೊಳ್ಳುವುದು ನಶೆಯಿಲ್ಲದೆಯೂ ಇರುತ್ತದೆ. ಖಿನ್ನತೆ, ಆತಂಕಗಳೂ ಹೀಗೇ ಕಾಣಿಸಬಹುದು, ನಶೆಯ ಜೊತೆಯಲ್ಲೇ ಇರಲೂಬಹುದು. ಆದ್ದರಿಂದ ಮೊದಲ ಜರಡಿಗೆ ಹದಿಹರೆಯದವರಿಗೆಂದೇ ಮಾಡಿದ 'ಕ್ರಾಫ್ಟ್' ಎಂಬ ಆರು ಪ್ರಶ್ನೆಗಳಿವೆ. ಒಬ್ಬನೇ ಇದ್ದಾಗ ಬಳಸುತ್ತೀಯಾ ಎಂಬುದು ಅದರಲ್ಲೊಂದು. ಎರಡಕ್ಕೆ 'ಹೌದು' ಬಂದರೆ ಪೂರ್ತಿ ವಿಚಾರಣೆ ಬೇಕು.

ಮೂಗಿನಿಂದ ಎಳೆಯುವ ವಸ್ತುಗಳಿಗೆ ಡಿಎಸ್‌ಎಂ-5 ಹನ್ನೊಂದನೆಯ ಲಕ್ಷಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಳಿದ ಹತ್ತರಲ್ಲಿ ನನ್ನ ತಮ್ಮನಿಗೆ ನಾಲ್ಕು ಇದ್ದವು: ಕ್ರಿಕೆಟ್ ಬಿಟ್ಟಿದ್ದ, ಶಾಲೆ ತಪ್ಪಿಸುತ್ತಿದ್ದ, ಎರಡು ಸಲ ಬಿಡಲು ನೋಡಿ ಸೋತಿದ್ದ, ಸೆಳೆತ ಇತ್ತು. ಅಂದರೆ ಮಧ್ಯಮ. ಹುಡುಗಾಟವೂ ಅಲ್ಲ, ಕೈಮೀರಿದ್ದೂ ಅಲ್ಲ. ಆದರೆ ಈ ಎಣಿಕೆ ಅಪಾಯದ ಎಣಿಕೆಯಲ್ಲ ಎಂದು ಡಾಕ್ಟರು ಎಚ್ಚರಿಸಿದರು. ಇಂಥ ಆವಿ ಎಳೆದಾಗ ಹೃದಯದ ಬಡಿತ ತಪ್ಪಿ, ಮೊದಲ ಸಲವೇ ಸತ್ತವರಿದ್ದಾರೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 17 ವರ್ಷದವರಲ್ಲಿ ಶೇ. 1.17 ಮಂದಿ ಇವನ್ನು ಬಳಸುತ್ತಾರೆ, ದೊಡ್ಡವರಲ್ಲಿ ಶೇ. 0.58. ದೊಡ್ಡವರಿಗಿಂತ ಮಕ್ಕಳೇ ಮುಂದಿರುವ ನಶೆ ಇದೊಂದೇ.

ಪೊಲೀಸ್, ಟಿ.ಸಿ. ಎಂದು ಹೆದರುವವರಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಯನ್ನು ಕಾಯಿಲೆ ಎಂದೇ ಪರಿಗಣಿಸುತ್ತದೆ, ಗೋಪ್ಯತೆಯ ಹಕ್ಕನ್ನೂ ಕೊಡುತ್ತದೆ. ಮಕ್ಕಳಿಗೆ ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಡಿ 7 ವರ್ಷದವರೆಗೆ ಜೈಲು. ಉಚಿತವಾಗಿ ಮಾತಾಡಲು ಟೆಲಿ-ಮನಸ್ 14416, ನಶೆಮುಕ್ತಿ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ.

ಮೂರು ತಿಂಗಳು ಬೇರೆ ಯಾವ ಲಕ್ಷಣವೂ ಕಾಣದಿದ್ದರೆ 'ಆರಂಭಿಕ ಉಪಶಮನ' ಎಂದು ಬರೆಯುತ್ತಾರೆ. ಸೆಳೆತ ಒಂದು ಉಳಿದಿದ್ದರೂ ಪರವಾಗಿಲ್ಲ. ನನ್ನ ತಮ್ಮನಿಗೆ ಇದು ಎರಡನೇ ತಿಂಗಳು. ಮೊನ್ನೆ ಫೋನಿನಲ್ಲಿ, "ಪಂಕ್ಚರ್ ಅಂಗಡಿ ದಾಟುವಾಗ ಈಗಲೂ ಮೂಗು ಆ ಕಡೆಗೇ ತಿರುಗುತ್ತೆ, ಭಾಯ್" ಅಂದ. ಈಗ ರಸ್ತೆಯ ಆಚೆ ಬದಿಯಲ್ಲಿ ನಡೆದು ಶಾಲೆಗೆ ಹೋಗುತ್ತಾನಂತೆ.