ಹತ್ತು ಸೆಂಟಿಮೀಟರ್ ಹಲಗೆಯ ಮೇಲಿನ ಹುಡುಗಿಗೆ ನಾವೇನು ಬಡಿಸಬೇಕು?

ಮದುವೆ, ಮುಂಜಿ, ಪೂಜೆ, ಕಂಪೆನಿಗಳ ವಾರ್ಷಿಕೋತ್ಸವ – ಇಂಥ ಆರ್ಡರುಗಳಲ್ಲಿ ಮುಂಬಯಿಯ ನಮ್ಮ ಹೋಟೆಲ್ ಬಾಂಧವರನ್ನು ಮೀರಿಸುವವರು ಕಡಿಮೆ. ಕ್ರೀಡಾಕೂಟದ ಆರ್ಡರ್ ಬಂದಾಗಲೂ ನಾವು ಅದೇ ಮೆನು ಹಿಡಿದುಕೊಂಡು ಹೊರಡುತ್ತೇವೆ. ಉಳಿದ ಆಟಗಳಿಗೆ ಅದು ಹೇಗೋ ನಡೆದೀತು. ಕಾಲೇಜು ಹುಡುಗಿಯರ ರಾಷ್ಟ್ರಮಟ್ಟದ ಜಿಮ್ನಾಸ್ಟಿಕ್ಸ್ ಕೂಟಕ್ಕೆ ಮಾತ್ರ ನಡೆಯದು.

ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಗಳ ಆತಿಥ್ಯ ವರ್ಷಕ್ಕೊಂದು ವಿಶ್ವವಿದ್ಯಾಲಯದ ಪಾಲಿಗೆ ಬರುತ್ತದೆ. ನಮ್ಮ ನಗರದ ಸರದಿ ಬಂದರೆ ಊಟದ ಟೆಂಡರ್ ನಮ್ಮವರ ಮೇಜಿಗೂ ಬರಬಹುದು. ಆದ್ದರಿಂದ ಮೊದಲು ಆಟದ ಬಗ್ಗೆ ಎರಡು ಮಾತು.

ಮಹಿಳೆಯರ ಜಿಮ್ನಾಸ್ಟಿಕ್ಸ್‌ನಲ್ಲಿ ನಾಲ್ಕು ವಿಭಾಗ: ವಾಲ್ಟ್, ಏರುಪೇರು ಬಾರ್‌ಗಳು, ಬೀಮ್ ಮತ್ತು ನೆಲದ ಕಸರತ್ತು. ಬೀಮ್ ಎಂಬ ಹಲಗೆಯ ಉದ್ದ 5 ಮೀಟರ್, ನೆಲದಿಂದ ಎತ್ತರ 1.25 ಮೀಟರ್, ಅಗಲ ಬರೀ 10 ಸೆಂಟಿಮೀಟರ್. ನಮ್ಮ ಹೋಟೆಲಿನ ಇಡ್ಲಿಯ ಅಗಲಕ್ಕಿಂತ ತುಸು ಹೆಚ್ಚು, ಅಷ್ಟೇ. ಅದರ ಮೇಲೆ ಹುಡುಗಿ ಒಂದೂವರೆ ನಿಮಿಷ ಲಾಗ ಹಾಕಿ ಮತ್ತೆ ಅದರ ಮೇಲೆಯೇ ನಿಲ್ಲಬೇಕು. ಹೊಟ್ಟೆ ಭಾರವಾದರೂ ಕಷ್ಟ, ಖಾಲಿಯಾಗಿ ತಲೆ ಸುತ್ತಿದರೆ ಇನ್ನೂ ಕಷ್ಟ.

ಈ ಕಸರತ್ತು ನಮ್ಮ ಊರಿಗೆ ಹೊಸದೇನೂ ಅಲ್ಲ. ದಾದರಿನ ಶಿವಾಜಿ ಪಾರ್ಕ್ ಬದಿಯಲ್ಲಿ ಹೋಗುವವರು ಹಗ್ಗದ ಮಲ್ಲಕಂಬದಲ್ಲಿ ತೂಗುವ ಹುಡುಗಿಯರನ್ನು ಕಂಡೇ ಇರುತ್ತಾರೆ. 2019ರ ಫೆಬ್ರವರಿಯಲ್ಲಿ ಮೊದಲ ವಿಶ್ವ ಮಲ್ಲಕಂಬ ಚಾಂಪಿಯನ್‌ಶಿಪ್ ನಡೆದದ್ದು ಅಲ್ಲಿಯೇ. ಠಾಣೆಯ ಸಂಯುಕ್ತಾ ಕಾಳೆ 2022ರ ಜೂನ್‌ನಲ್ಲಿ ಪಂಚಕುಲದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ರಿದಮಿಕ್ ಜಿಮ್ನಾಸ್ಟಿಕ್ಸ್‌ನ ಐದು ಚಿನ್ನ ಗೆದ್ದರು. ಅಗರ್ತಲದ ದೀಪಾ ಕರ್ಮಾಕರ್ 2016ರ ರಿಯೊ ಒಲಿಂಪಿಕ್ಸ್ ವಾಲ್ಟ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವರಾದದ್ದು ಎಲ್ಲರಿಗೂ ನೆನಪಿದೆ. ಕಂಚಿಗೂ ಅವರಿಗೂ ನಡುವೆ ಇದ್ದ ಅಂತರ 0.15 ಅಂಕ ಮಾತ್ರ.

ಅಮೆರಿಕದಲ್ಲಿ 1982ರಿಂದ ಕಾಲೇಜು ಮಹಿಳೆಯರ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಅಲ್ಲಿ 2000 ಮತ್ತು 2001ರಲ್ಲಿ ಗೆದ್ದ ಲಾಸ್ ಏಂಜಲಿಸ್‌ನ ಯು.ಸಿ.ಎಲ್.ಎ. ತಂಡದಲ್ಲಿ ಮೋಹಿನಿ ಭಾರದ್ವಾಜ್ ಇದ್ದರು. ತಂದೆ ಭಾರತೀಯರು. ಕಾಲೇಜು ಮುಗಿದ ಮೇಲೆ ಒಲಿಂಪಿಕ್ಸ್ ತರಬೇತಿಗೆ ಕೈಯಲ್ಲಿ ಕಾಸಿಲ್ಲದೆ ಆಕೆ ಪಿಝಾ ತಲಪಿಸುವ ಕೆಲಸ ಮಾಡಿದರು. ನಟಿ ಪಮೇಲಾ ಆಂಡರ್ಸನ್ 20,000 ಡಾಲರ್ ನೆರವಿತ್ತರು. 2004ರ ಅಥೆನ್ಸ್‌ನಲ್ಲಿ ಅಮೆರಿಕ ತಂಡ ಬೆಳ್ಳಿ ಗೆದ್ದಾಗ 25 ವರ್ಷದ ಮೋಹಿನಿಯೇ ನಾಯಕಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಕೆಲಸಕ್ಕೆ ಬರೋಣ. ಸ್ಪರ್ಧೆಗೆ ಮೂರು ನಾಲ್ಕು ಗಂಟೆ ಮೊದಲು ಮುಖ್ಯ ಊಟ ಮುಗಿದಿರಬೇಕು. ಎಣ್ಣೆ, ಖಾರ, ಮಸಾಲೆ ಕಡಿಮೆ. ಇಡ್ಲಿ, ಉಪ್ಪಿಟ್ಟು, ಮೊಸರನ್ನ, ಬಾಳೆಹಣ್ಣು – ನಮ್ಮ ಅಡುಗೆಮನೆಯ ದಿನನಿತ್ಯದ ಪದಾರ್ಥಗಳೇ ಇಲ್ಲಿ ಹೇಳಿ ಮಾಡಿಸಿದಂತಿವೆ. ಆಟ ಮುಗಿದ ಮೇಲೆ ಮೊಟ್ಟೆ, ಪನೀರ್, ಮೊಳಕೆ ಕಾಳು, ಬೇಳೆ ಧಾರಾಳವಾಗಿರಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಎತ್ತರದಿಂದ ಜಿಗಿಯುವ ಮೂಳೆಗಳಿಗೆ ಅದು ಬೇಕು. ಬೆಳಿಗ್ಗೆ ರಾಗಿ ಅಂಬಲಿಯ ಒಂದು ಪಾತ್ರೆ ಇಟ್ಟು ನೋಡಿ. ಉತ್ತರದ ತಂಡಗಳಿಗೆ ಚಪಾತಿಯೂ ಬೇಕೆಂಬುದು ಬೇರೆ ಮಾತು.

ಒಂದು ವಿಷಯವನ್ನು ಭಟ್ಟರಿಗೆ ಖಡಾಖಂಡಿತ ಹೇಳಿಬಿಡಿ: ಗಸಗಸೆ ಬೇಡ. ಪಾಯಸಕ್ಕೂ ಬೇಡ, ಕುರ್ಮಾಕ್ಕೂ ಬೇಡ. ಗಸಗಸೆಯಲ್ಲಿ ಮಾರ್ಫಿನ್ ಅಂಶ ಇರುತ್ತದೆ. ಸ್ಪರ್ಧೆಯ ವೇಳೆ ಮಾರ್ಫಿನ್ ನಿಷೇಧಿತ ಪಟ್ಟಿಯಲ್ಲಿದೆ. ಪರೀಕ್ಷೆಯಲ್ಲಿ ಮಿತಿ ಮೀರಿ ಕಂಡುಬಂದರೆ ಉತ್ತರ ಹೇಳಬೇಕಾದವಳು ಆ ಹುಡುಗಿ, ಪಾಯಸ ಬಡಿಸಿದ ನಾವಲ್ಲ. ನಮ್ಮ ಒಂದು ಸೌಟು ಸಡಗರ ಅವಳ ವರ್ಷಗಳ ದುಡಿಮೆಗೆ ಕುತ್ತು ತರಬಾರದು. ಹೆಸರು ಗೊತ್ತಿಲ್ಲದ ಶಕ್ತಿವರ್ಧಕ ಪುಡಿಗಳನ್ನು ಹಾಲಿಗೆ ಬೆರೆಸುವುದೂ ಬೇಡ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ತೂಕ ಏರೀತೆಂದು ಹೆದರಿ ಅರೆಹೊಟ್ಟೆಯಲ್ಲಿ ಅಭ್ಯಾಸ ಮಾಡುವ ಹುಡುಗಿಯರು ಈ ಆಟದಲ್ಲಿ ಇದ್ದಾರೆ. ದುಡಿಮೆಗೆ ತಕ್ಕ ಆಹಾರ ಸಿಗದಿದ್ದರೆ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿಯೇ ಈ ಬಗ್ಗೆ ಎಚ್ಚರಿಸಿದೆ. ನಾವು ಡಾಕ್ಟರರಲ್ಲ ನಿಜ. ಆದರೆ “ಇಷ್ಟೇ ಸಾಕಾ?”, “ಇಷ್ಟೆಲ್ಲ ತಿನ್ನುತ್ತೀಯಾ?” – ಈ ಎರಡು ಮಾತು ಬಡಿಸುವವರ ಬಾಯಿಂದ ಬರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮಹಿಳೆಯರೇ ಬಡಿಸಿದರೆ ಇನ್ನೂ ಲೇಸು.

ಕೊನೆಗೆ ಸಮಯದ ಮಾತು. ಇಂಥ ಕೂಟಗಳು ಹೇಳಿದ ಹೊತ್ತಿಗೆ ಮುಗಿಯುವುದು ಅಪರೂಪ. ಒಂಬತ್ತಕ್ಕೆ ಕೌಂಟರ್ ಮುಚ್ಚಿದರೆ ಕೊನೆಯ ಸರದಿಯ ತಂಡಕ್ಕೆ ಸಿಗುವುದು ತಣ್ಣಗಿನ ಅನ್ನ, ಇಲ್ಲವೇ ಬೀದಿಯ ವಡಾಪಾವ್. ಕೊಟೇಶನ್ ಕೊಡುವಾಗಲೇ ಎರಡು ತಾಸಿನ ಹೆಚ್ಚಿನ ಸಿಬ್ಬಂದಿ ವೆಚ್ಚ ಸೇರಿಸಿ, ಇಡ್ಲಿ ಹಿಟ್ಟನ್ನು ತೆಗೆದಿಟ್ಟು, ತಂಡ ಬಸ್ಸಿಳಿದ ಮೇಲೆ ಅಟ್ಟಕ್ಕೆ ಏರಿಸಿ. ಸಂಘಟಕರು ದರದಲ್ಲಿ ಚೌಕಾಸಿ ಮಾಡಿದರೆ ಸಿಹಿಯೊಂದನ್ನು ಕೈಬಿಡಿ, ಈ ಎರಡು ತಾಸನ್ನು ಬಿಡಬೇಡಿ.