ಹೊಲಗಾವಲಿನ ಧ್ವನಿಯಂತ್ರ: ಅದರ ದೂರನಿಯಂತ್ರಣದ ವ್ಯಾಪ್ತಿಯನ್ನು ಹೆಚ್ಚಿಸುವ ಬಗೆ

ಭದ್ರಾವತಿಯ ಜನ್ನಾಪುರದ ಮನೆಗಳ ಸಾಲು ಮುಗಿದು ಗದ್ದೆ ತೋಟಗಳು ಮೊದಲಾಗುವೆಡೆಯಿಂದ ಲಕ್ಕವಳ್ಳಿಯ ಕಾಡಿನ ಅಂಚಿನವರೆಗೆ, ಬೆಳೆ ಬಲಿಯುವ ಕಾಲದಲ್ಲಿ ಇರುಳುಗಾವಲು ರೈತನಿಗೆ ಹೊಸದಲ್ಲ. ಅಟ್ಟಣೆಯ ಮೇಲೆ ಕುಳಿತು ತಮಟೆ ಬಡಿಯುವುದು, ತಗಡಿನ ಡಬ್ಬ ಕುಟ್ಟುವುದು, ಕವಣೆ ಬೀಸುವುದು, ಕೊರಳೆತ್ತಿ ಕೂಗುವುದು ಇವೆಲ್ಲ ನಮ್ಮ ನಾಡಿನಲ್ಲಿ ಪರಂಪರೆಯಿಂದ ಬಂದ ಉಪಾಯಗಳು. ಮೊದಲೇ ಮುದ್ರಿಸಿಟ್ಟ ಧ್ವನಿಯನ್ನು ಬೇಕೆಂದಾಗ ಹೊರಡಿಸುವ ವಿದ್ಯುನ್ಮಾನ ಯಂತ್ರವು ಇವುಗಳ ಸಾಲಿಗೆ ಈಚೆಗೆ ಸೇರಿದೆ. ಈ ಯಂತ್ರವನ್ನು ದೂರದಿಂದ ನಡೆಸುವ ವ್ಯವಸ್ಥೆಯ ವ್ಯಾಪ್ತಿ ಏಕೆ ಕುಗ್ಗುತ್ತದೆ, ಅದನ್ನು ಹೇಗೆ ಹೆಚ್ಚಿಸಬಹುದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ಈ ಯಂತ್ರ ಹುಟ್ಟಿದ್ದು ಪ್ರಾಣಿಯನ್ನು ಓಡಿಸುವುದಕ್ಕಲ್ಲ, ಕರೆಯುವುದಕ್ಕೆ. ಪಳಗಿಸಿದ ಮೃಗವನ್ನು ಮುಂದೊಡ್ಡಿ ಕಾಡುಮೃಗವನ್ನು ಸೆಳೆಯುತ್ತಿದ್ದ ಬೇಟೆಗಾರರ 'ದೀವ'ದ ತಂತ್ರವೇ ಇಲ್ಲಿ ಧ್ವನಿಯ ರೂಪವನ್ನು ತಾಳಿದೆ. ಅಮೆರಿಕದಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಇದು ರೂಢಿಯಲ್ಲಿದ್ದರೂ, ವಲಸೆ ಹಕ್ಕಿಗಳ ಬೇಟೆಗೆ ಮುದ್ರಿತ ಕೂಗನ್ನು ಬಳಸುವುದನ್ನು ಅಲ್ಲಿಯೂ ಸಾಮಾನ್ಯವಾಗಿ ನಿಷೇಧಿಸಲಾಗಿದೆ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಆಮಿಷವೊಡ್ಡಿ ಸೆಳೆಯುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ. ಆದಕಾರಣ ಇಲ್ಲಿ ನಾವು ಹೇಳುವುದು ಬೆಳೆಯ ರಕ್ಷಣೆಗೂ ಅನುಮತಿ ಪಡೆದ ಅಧ್ಯಯನಕ್ಕೂ ಮಾತ್ರ ಅನ್ವಯಿಸತಕ್ಕದ್ದು.

ಧ್ವನಿಗೆ ಕಾಡುಪ್ರಾಣಿಗಳು ಹೇಗೆ ಸ್ಪಂದಿಸುತ್ತವೆ ಎಂಬುದಕ್ಕೆ ದಕ್ಷಿಣ ಭಾರತದಲ್ಲಿಯೇ ನಡೆದ ಒಂದು ಪ್ರಯೋಗವಿದೆ. ವಿವೇಕ್ ತುಪ್ಪಿಲ್ ಮತ್ತು ರಿಚರ್ಡ್ ಕಾಸ್ ಎಂಬ ಸಂಶೋಧಕರು ೨೦೧೩ರಲ್ಲಿ ಪ್ರಕಟಿಸಿದಂತೆ, ಹೊಲಗಳತ್ತ ಬರುವ ಆನೆಗಳು ಹುಲಿಯ ಗುರುಗುಟ್ಟುವಿಕೆಯನ್ನು ಕೇಳಿದೊಡನೆ ಸದ್ದಿಲ್ಲದೆ ಹಿಂಜರಿದವು. ಚಿರತೆಯ ಧ್ವನಿಗೆ ಮಾತ್ರ ಘೀಳಿಟ್ಟು, ನೆಲೆಯನ್ನು ಪರೀಕ್ಷಿಸಿ, ತಡವಾಗಿ ಹಿಂದಿರುಗಿದವು. ಆನೆಯು ಧ್ವನಿಯ ಅರ್ಥವನ್ನು ತೂಗಿ ನೋಡುತ್ತದೆಂಬುದು ಇದರಿಂದ ವ್ಯಕ್ತವಾಗುತ್ತದೆ. ತೂಗಿ ನೋಡಬಲ್ಲ ಪ್ರಾಣಿ ಒಂದೇ ಧ್ವನಿಯನ್ನು ಇರುಳೆಲ್ಲ ಕೇಳಿದರೆ, ಅದರ ಹಿಂದೆ ಅಪಾಯವಿಲ್ಲವೆಂಬುದನ್ನೂ ಕಲಿಯುತ್ತದೆ. ಆದುದರಿಂದ ಪ್ರಾಣಿ ಬಂದಾಗ ಮಾತ್ರ ಯಂತ್ರ ಕೂಗಬೇಕು, ಕೂಗಿ ನಿಲ್ಲಬೇಕು. ಅದನ್ನು ನಡೆಸುವವನು ಪ್ರಾಣಿಯ ದಾರಿಯಲ್ಲಿ ಇರಕೂಡದು. ದೂರನಿಯಂತ್ರಣದ ವ್ಯಾಪ್ತಿಯೆಂಬುದು ಈ ಕಾರಣದಿಂದ ಕಾವಲುಗಾರನ ಪ್ರಾಣಕ್ಕೆ ಸಂಬಂಧಿಸಿದ ವಿಷಯ. ನೂರು ಮಾರು ದೂರದಿಂದ ಗುಂಡಿ ಒತ್ತಿದಾಗ ಯಂತ್ರ ಮೌನವಾಗಿದ್ದರೆ, ಆತ ಕತ್ತಲೆಯಲ್ಲಿ ಅದರ ಸಮೀಪಕ್ಕೆ ನಡೆಯಬೇಕಾಗುತ್ತದೆ.

ಈಗ ತತ್ತ್ವವನ್ನು ನೋಡೋಣ. ಕೈಯಲ್ಲಿರುವ ಪ್ರೇಷಕವು ರೇಡಿಯೋ ಅಲೆಗಳನ್ನು ಹೊರಡಿಸುತ್ತದೆ. ಯಂತ್ರದೊಳಗಿನ ಗ್ರಾಹಕವು ಅವನ್ನು ಹಿಡಿದು ಧ್ವನಿವರ್ಧಕವನ್ನು ಚಾಲೂ ಮಾಡುತ್ತದೆ. ಅಡೆತಡೆಯಿಲ್ಲದ ಆಕಾಶದಲ್ಲಿ ಅಲೆಯ ಶಕ್ತಿ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ನೆಲದ ಸಮೀಪದಲ್ಲಿ ಹಾಗಲ್ಲ. ನೇರವಾಗಿ ಬರುವ ಅಲೆಯೂ ನೆಲಕ್ಕೆ ತಾಗಿ ಪ್ರತಿಫಲಿಸಿದ ಅಲೆಯೂ ಪರಸ್ಪರ ವಿರೋಧಿಸುವುದರಿಂದ, ಶಕ್ತಿಯು ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರವನ್ನು ಇಮ್ಮಡಿ ಮಾಡಬೇಕಾದರೆ ಪ್ರೇಷಕದ ಶಕ್ತಿಯನ್ನು ೧೬ ಪಟ್ಟು ಹೆಚ್ಚಿಸಬೇಕು. ಆದರೆ ಇದೇ ನಿಯಮದಲ್ಲಿ ಪರಿಹಾರವೂ ಅಡಗಿದೆ: ಬರುವ ಶಕ್ತಿಯು ಎರಡು ಆಂಟೆನಾಗಳ ಎತ್ತರಗಳ ವರ್ಗಗಳಿಗೆ ಅನುಪಾತದಲ್ಲಿರುತ್ತದೆ.

ಒಂದು ಉದಾಹರಣೆಯನ್ನು ಗಣಿಸೋಣ. ಪ್ರೇಷಕದ ಆವೃತ್ತಿ ೪೩೩ ಮೆಗಾಹರ್ಟ್ಸ್, ಶಕ್ತಿ ೧೦ ಮಿಲಿವಾಟ್. ಅದನ್ನು ಹಿಡಿದ ಕೈ ನೆಲದಿಂದ ೧.೨ ಮೀಟರ್ ಮೇಲಿದೆ. ಯಂತ್ರವನ್ನು ಬದುವಿನ ಮೇಲಿಟ್ಟಿದ್ದು, ಗ್ರಾಹಕದ ಆಂಟೆನಾ ೦.೩ ಮೀಟರ್ ಎತ್ತರದಲ್ಲಿದೆ. ನಡುವಣ ದೂರ ೩೦೦ ಮೀಟರ್. ಮೇಲಿನ ನಿಯಮದಂತೆ ಮಾರ್ಗದ ನಷ್ಟ ೧೦೮ ಡೆಸಿಬೆಲ್. ೧ ಮಿಲಿವಾಟನ್ನು ಸೊನ್ನೆಯೆಂದು ಎಣಿಸಿದರೆ ಪ್ರೇಷಕದ ಶಕ್ತಿ +೧೦. ಆದುದರಿಂದ ಗ್ರಾಹಕಕ್ಕೆ ತಲುಪುವುದು -೯೮ ಡೆಸಿಬೆಲ್. ಗ್ರಾಹಕವು -೧೦೫ರವರೆಗೆ ಸಂಕೇತವನ್ನು ಗುರುತಿಸಬಲ್ಲುದೆಂದು ಇಟ್ಟುಕೊಂಡರೆ ೭ ಡೆಸಿಬೆಲ್ ಉಳಿಯುತ್ತದೆ. ಬಯಲು ಗದ್ದೆಯಲ್ಲಿ ಯಂತ್ರ ಕೂಗುತ್ತದೆ.

ನಡುವೆ ೫೦ ಮೀಟರ್ ಅಗಲದ ಅಡಕೆ ತೋಟವಿದ್ದರೆ ಸ್ಥಿತಿ ಬದಲಾಗುತ್ತದೆ. ಮರಗಳ ನಡುವಣ ನಷ್ಟವನ್ನು ಎಣಿಸಲು ಬಳಸುವ ವೈಸ್‌ಬರ್ಗರ್ ಸೂತ್ರದ ಪ್ರಕಾರ ಈ ಆವೃತ್ತಿಯಲ್ಲಿ ಇನ್ನೂ ಸುಮಾರು ೧೦.೫ ಡೆಸಿಬೆಲ್ ನಷ್ಟವಾಗುತ್ತದೆ. ಆಗ ತಲುಪುವುದು -೧೦೮.೫, ಯಂತ್ರ ಮೌನ. ಸೂತ್ರವು ಒಣಹವೆಯ ಮರಗಳಿಗಾಗಿ ರಚಿತವಾದುದು. ಮಲೆನಾಡಿನ ಮಳೆಗಾಲದ ತೊಯ್ದ ಎಲೆಗಳು ಇನ್ನೂ ಹೆಚ್ಚು ಹೀರುತ್ತವೆಂದು ತಿಳಿಯಬೇಕು. ೨.೪ ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ರಿಮೋಟ್ ಆಗಿದ್ದರೆ ಇದೇ ತೋಟದ ನಷ್ಟ ಸುಮಾರು ೧೭ ಡೆಸಿಬೆಲ್. ತೋಟದ ನಾಡಿಗೆ ತಗ್ಗಿನ ಆವೃತ್ತಿಯೇ ಹಿತವೆಂಬುದಕ್ಕೆ ಇದು ನಿದರ್ಶನ.

ಈಗ ಗ್ರಾಹಕದ ಆಂಟೆನಾವನ್ನು ಒಂದು ಬಿದಿರಗಳುವಿಗೆ ಕಟ್ಟಿ ೩ ಮೀಟರ್ ಎತ್ತರಕ್ಕೆ ಏರಿಸೋಣ. ಎತ್ತರ ಹತ್ತು ಪಟ್ಟಾದುದರಿಂದ ಶಕ್ತಿ ನೂರು ಪಟ್ಟು, ಅರ್ಥಾತ್ ೨೦ ಡೆಸಿಬೆಲ್, ಹೆಚ್ಚುತ್ತದೆ. ತಲುಪುವುದು -೮೮.೫. ತೋಟವನ್ನು ದಾಟಿಯೂ ೧೬.೫ ಡೆಸಿಬೆಲ್ ಉಳಿಯುತ್ತದೆ. ನೆಲಕ್ಕೆ ತೀರ ಸಮೀಪದಲ್ಲಿ ಈ ನಿಯಮ ಪೂರ್ಣ ನಿಖರವಲ್ಲವಾದುದರಿಂದ ಲಾಭವು ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯಾದೀತು; ಆದರೂ ಬಿದಿರಿನ ಬೆಲೆಗೆ ಇಷ್ಟು ಲಾಭವನ್ನು ಕೊಡುವ ಉಪಾಯ ಬೇರೊಂದಿಲ್ಲ. ಧ್ವನಿಪೆಟ್ಟಿಗೆಯನ್ನು ಮೇಲೇರಿಸಬೇಕಾಗಿಲ್ಲ. ಉದ್ದನೆಯ ಆಂಟೆನಾ ಕೇಬಲಿನಲ್ಲಿ ಶಕ್ತಿ ಸೋರಿಹೋಗುವುದರಿಂದ, ಪುಟ್ಟ ಗ್ರಾಹಕವನ್ನೇ ಗಳುವಿನ ತುದಿಗೆ ಕಟ್ಟಿ, ಚಾಲನೆಯ ತಂತಿಯನ್ನು ಮಾತ್ರ ಕೆಳಗಿಳಿಸುವುದು ಯುಕ್ತ.

ಎರಡನೆಯದು ಆಂಟೆನಾದ ಅಳತೆ. ಭದ್ರಾವತಿಯ ಆಕಾಶವಾಣಿ ಕೇಂದ್ರಕ್ಕೆ ಗೊತ್ತಾದ ಮಧ್ಯಮ ತರಂಗದ ಆವೃತ್ತಿ ೬೭೫ ಕಿಲೋಹರ್ಟ್ಸ್. ಅದರ ಅಲೆಯುದ್ದ ಸುಮಾರು ೪೪೪ ಮೀಟರ್, ಕಾಲು ಅಲೆಯುದ್ದ ೧೧೧ ಮೀಟರ್. ಅದೇ ಲೆಕ್ಕದಿಂದ ೪೩೩ ಮೆಗಾಹರ್ಟ್ಸ್‌ಗೆ ಕಾಲು ಅಲೆಯುದ್ದ ೧೭.೩ ಸೆಂಟಿಮೀಟರ್. ಅಗ್ಗದ ಯಂತ್ರಗಳಲ್ಲಿ ಸುರುಳಿ ಸುತ್ತಿದ ಮೋಟು ತಂತಿಯನ್ನು ಪೆಟ್ಟಿಗೆಯೊಳಗೇ ಇಟ್ಟಿರುತ್ತಾರೆ. ಅದರ ಬದಲು ೧೭.೩ ಸೆಂಟಿಮೀಟರ್ ಉದ್ದದ ನೇರ ತಾಮ್ರದ ತಂತಿಯನ್ನು ಹೊರಗೆ ನಿಲ್ಲಿಸಿ, ಅದರ ಬುಡದಿಂದ ಅಷ್ಟೇ ಉದ್ದದ ನಾಲ್ಕು ತಂತಿಗಳನ್ನು ಓರೆಯಾಗಿ ಕೆಳಗಿಳಿಸಿ ಅವನ್ನು ಭೂಸಂಪರ್ಕದ ಕಡೆಗೆ ಜೋಡಿಸಬೇಕು. ಪ್ರೇಷಕವನ್ನೂ ನೆಟ್ಟಗೆ ಹಿಡಿಯಬೇಕು. ಒಂದು ಆಂಟೆನಾ ನಿಂತು ಇನ್ನೊಂದು ಮಲಗಿದರೆ ಸಂಕೇತದ ಬಹುಭಾಗ ವ್ಯರ್ಥವಾಗುತ್ತದೆ. ಕಬ್ಬಿಣದ ಪೆಟ್ಟಿಗೆಯೂ ಮನುಷ್ಯನ ಮೈಯೂ ಅಲೆಗೆ ಮರೆಯಾಗುತ್ತವೆ.

ಮೂರನೆಯದು ಯಂತ್ರದ ಸ್ವಂತ ಗದ್ದಲ. ಇದನ್ನು ಗುರುತಿಸುವ ಲಕ್ಷಣ ಸ್ಪಷ್ಟವಾದುದು: 'ಕೂಗು' ಎಂಬ ಆಜ್ಞೆಯನ್ನು ದೂರದಿಂದ ಕೇಳುವ ಯಂತ್ರ, ಕೂಗುತ್ತಿರುವಾಗ 'ನಿಲ್ಲು' ಎಂಬುದನ್ನು ಕೇಳುವುದಿಲ್ಲ. ಧ್ವನಿವರ್ಧಕದ ಕ್ಷಿಪ್ರ ಸ್ವಿಚ್ಚುಗಳು ಹೊರಡಿಸುವ ರೇಡಿಯೋ ಗದ್ದಲವು ಸಂಕೇತವನ್ನು ಮುಚ್ಚಿಬಿಡುತ್ತದೆ. ಗದ್ದಲ ೧೦ ಡೆಸಿಬೆಲ್ ಏರಿದರೆ ನಮ್ಮ ೧೬.೫ರಲ್ಲಿ ೬.೫ ಮಾತ್ರ ಉಳಿಯುವುದು. ಗ್ರಾಹಕವನ್ನು ದೂರ ಸರಿಸುವುದು, ಅದಕ್ಕೆ ಪ್ರತ್ಯೇಕ ವಿದ್ಯುತ್ ಪೂರೈಕೆ ಮಾಡುವುದು, ತಂತಿಗಳಿಗೆ ಫೆರೈಟ್ ಉಂಗುರ ತೊಡಿಸುವುದು ಇದಕ್ಕೆ ಮದ್ದು.

ಪ್ರೇಷಕದ ಶಕ್ತಿಯನ್ನೇ ಹೆಚ್ಚಿಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ೪೩೩ ಮೆಗಾಹರ್ಟ್ಸ್‌ನಲ್ಲಿ ಪರವಾನಗಿಯಿಲ್ಲದೆ ಅನುಮತಿಯಿರುವುದು ಅತ್ಯಲ್ಪ ಶಕ್ತಿಗೆ ಮಾತ್ರ. ಹೆಚ್ಚಿನ ವ್ಯಾಪ್ತಿ ಬೇಕಾದವರು ೮೬೫ರಿಂದ ೮೬೮ ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಆಶ್ರಯಿಸುವುದು ಲೇಸು. ಅಲ್ಲಿ ೧ ವಾಟಿನವರೆಗೆ ಅವಕಾಶವಿದೆ. ಅಮೆರಿಕಕ್ಕಾಗಿ ತಯಾರಾದ ೯೧೫ ಮೆಗಾಹರ್ಟ್ಸ್‌ನ ಉಪಕರಣಗಳಿಗೆ ಇಲ್ಲಿ ಆ ಸ್ವಾತಂತ್ರ್ಯವಿಲ್ಲ. ಲೋರಾ ಎಂಬ ಪದ್ಧತಿಯ ಗ್ರಾಹಕಗಳು ಸಂಕೇತವನ್ನು ನಿಧಾನವಾಗಿ ಹರಡಿ ಕಳುಹಿಸುವುದರಿಂದ -೧೩೭ ಡೆಸಿಬೆಲ್‌ವರೆಗೂ ಗುರುತಿಸಬಲ್ಲವು. ಆಗ ಆಜ್ಞೆ ತಲುಪಲು ಒಂದು ಕ್ಷಣ ತಡವಾಗುವುದು. 'ಕೂಗು', 'ನಿಲ್ಲು' ಎಂಬ ಎರಡು ಮಾತುಗಳಿಗೆ ಇದರಿಂದ ಬಾಧಕವಿಲ್ಲ.

ಕಾಲೇಜಿನ ಪ್ರಯೋಗಶಾಲೆಯವರು ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಧ್ವನಿಪೆಟ್ಟಿಗೆಯ ಬದಲು ಒಂದು ದೀಪವನ್ನು ಜೋಡಿಸಿ, ೨೫ ಮೀಟರಿಗೊಂದರಂತೆ ಗೂಟ ನೆಟ್ಟು, ಪ್ರತಿ ಗೂಟದಲ್ಲಿಯೂ ಹತ್ತು ಸಲ ಆಜ್ಞೆ ಕಳುಹಿಸಿ, ಎಷ್ಟು ಸಲ ದೀಪ ಬೆಳಗಿತೆಂಬುದನ್ನು ಬರೆದುಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಮಳೆ ಬಿದ್ದ ಮರುದಿನ ಅದನ್ನೇ ಮತ್ತೆ ಮಾಡಬೇಕು. ಕೊನೆಗೆ ಧ್ವನಿಪೆಟ್ಟಿಗೆಯನ್ನು ಜೋಡಿಸಿ, ಅದು ಕೂಗುತ್ತಿರುವಾಗ 'ನಿಲ್ಲು' ಎಂಬ ಆಜ್ಞೆ ತಲುಪುವುದೇ ಎಂಬುದನ್ನೂ ನೋಡಬೇಕು. ಹತ್ತಕ್ಕೆ ಹತ್ತು ಬಂದ ದೂರವನ್ನೇ ವ್ಯಾಪ್ತಿಯೆಂದು ಹೇಳಬೇಕಲ್ಲದೆ, ಒಮ್ಮೆ ಬೆಳಗಿದ ದೂರವನ್ನಲ್ಲ. ಆನೆ ಎದುರಿಗಿದ್ದಾಗ ಎರಡನೆಯ ಅವಕಾಶ ದೊರೆಯದೆ ಹೋಗಬಹುದು.

ಇನ್ನೊಂದು ಮಾತು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಯನ್ನು ನಿರ್ಬಂಧಿಸುತ್ತವೆ. ಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆಯ ಸಮ್ಮತಿಯೂ ಅಗತ್ಯ. ಅದೂ ಅಲ್ಲದೆ, ಒಬ್ಬನ ಹೊಲದಿಂದ ಓಡಿದ ಪ್ರಾಣಿ ನೆರೆಯವನ ಹೊಲಕ್ಕೇ ನುಗ್ಗಬಹುದು. ಆದುದರಿಂದ ಯಂತ್ರವನ್ನು ಎಲ್ಲಿಡಬೇಕು, ಪ್ರಾಣಿ ಹಿಂದಿರುಗಲು ಯಾವ ದಾರಿಯನ್ನು ಬಿಡಬೇಕು ಎಂಬುದನ್ನು ಊರವರು ಕೂಡಿ ನಿಶ್ಚಯಿಸಿದ ಬಳಿಕವೇ ನಾವು ಮೇಲೆ ವಿವರಿಸಿದ ಸುಧಾರಣೆಗಳು ಸಾರ್ಥಕವಾಗುತ್ತವೆ.