ಪವಾಡವನ್ನು ಪರೀಕ್ಷೆಗೆ ಕೂರಿಸಿದವರು

‘ಕೊಳ್ಳೇಗಾಲಕ್ಕೆ ಹೋಗಿ ಮಾಡಿಸ್ಬಿಡ್ತೀನಿ’ ಎಂದು ಜಗಳದಲ್ಲಿ ಯಾರಾದರೂ ಕೂಗಿದರೆ ಕರ್ನಾಟಕದ ಯಾವ ಮೂಲೆಯವರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ನೇಯುವ ಊರು ಮಾಟ-ಮಂತ್ರಕ್ಕೇ ಹೆಚ್ಚು ಹೆಸರಾಯಿತು. 1956ರವರೆಗೆ ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಗಡಿಸೀಮೆಯಿದು. ಹನೂರು ತಾಲ್ಲೂಕಿನ ಬೆಟ್ಟದ ಮೇಲೆ ಹುಲಿಯೇರಿದ ಮಾದಪ್ಪ, ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ. ದೇವರಗುಡ್ಡರೂ ನೀಲಗಾರರೂ ರಾತ್ರಿಯಿಡೀ ಹಾಡುವ ಸಾಲುಗಳ ತುಂಬ ಪವಾಡಗಳೇ.

ಕಾಣದ ಶಕ್ತಿ ಇರುವುದೇ ಆದರೆ ಅದನ್ನು ಅಳೆಯಲೂ ಬೇಕಲ್ಲ?

1930ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೆ. ಬಿ. ರೈನ್ ಹಿಡಿದು ಕೂತದ್ದು ಇದೇ ಪ್ರಶ್ನೆಯನ್ನು. ಐದು ಚಿತ್ರಗಳ 25 ಕಾರ್ಡುಗಳು; ಕಾಣದ ಕಾರ್ಡಿನಲ್ಲಿ ಯಾವ ಚಿತ್ರವಿದೆಯೆಂದು ಹೇಳಬೇಕು. ಸುಮ್ಮನೆ ಊಹಿಸಿದರೂ ಸರಾಸರಿ ಐದು ಸರಿಬರುತ್ತವೆ. ಅದಕ್ಕಿಂತ ಹೆಚ್ಚು ಸದಾ ಸರಿಬಂದರೆ ಭೌತಶಾಸ್ತ್ರವನ್ನೇ ತಿದ್ದಿ ಬರೆಯಬೇಕಾಗುತ್ತಿತ್ತು. ರೈನ್ ಜೊತೆ ದುಡಿದ ಕೆ. ರಾಮಕೃಷ್ಣ ರಾವ್ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಪರಾಮನೋವಿಜ್ಞಾನ ವಿಭಾಗ ತೆರೆದರು. ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ, ವರ್ಜೀನಿಯಾದ ಇಯಾನ್ ಸ್ಟೀವನ್‌ಸನ್ ಜೊತೆಗೂಡಿ ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳ ಹೇಳಿಕೆಗಳನ್ನು ವರ್ಷಗಟ್ಟಲೆ ದಾಖಲಿಸಿದರು. ಕಾದ ಬಾಗಿಲು ಮಾತ್ರ ತೆರೆಯಲಿಲ್ಲ. ಒಬ್ಬರಿಗೆ ದಕ್ಕಿದ ಫಲಿತಾಂಶ ಮತ್ತೊಬ್ಬರು ಬಿಗಿಯಾಗಿ ಪರೀಕ್ಷಿಸಿದಾಗ ನಿಲ್ಲುತ್ತಿರಲಿಲ್ಲ.

ಎಚ್. ನರಸಿಂಹಯ್ಯ ಹಿಡಿದ ದಾರಿ ಬೇರೆ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿ, ಪರಮಾಣು ಭೌತಶಾಸ್ತ್ರ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್ಚೆನ್, 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ಕಟ್ಟಿದರು. ಪವಾಡಗಳನ್ನು ಪರೀಕ್ಷೆಗೆ ಒಡ್ಡಿ ಎಂದು ಸತ್ಯಸಾಯಿ ಬಾಬಾರಿಗೆ ಬರೆದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ. ಪಾಂಡವಪುರದ ಬಾಲಕನೊಬ್ಬನ ಕೈಯಿಂದ ಉದುರುತ್ತಿದ್ದ ವಿಭೂತಿ ಬಟ್ಟೆಯೊಳಗೆ ಅಡಗಿತ್ತೆಂಬುದು ಬಯಲಾಯಿತು. ಮರುವರ್ಷವೇ ಸಮಿತಿ ಮುಗಿಯಿತು. ವಿಶ್ವವಿದ್ಯಾಲಯವೊಂದು ಜನರ ನಂಬಿಕೆಯನ್ನು ಕಡೆಗಣಿಸದೆ ಅದರ ಎದುರು ಕೂತು ಪ್ರಶ್ನೆ ಕೇಳಿದ ಆ ಒಂದು ವರ್ಷಕ್ಕೆ ಕನ್ನಡನಾಡು ಋಣಿಯಾಗಿರಬೇಕು.

ಹಾಗಾದರೆ ದೇವರ ಸನ್ನಿಧಿಯಲ್ಲಿ ಗುಣವಾಯಿತು ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಜೊತೆಗಾರರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಉಳಿಯಲು ಬಂದ 31 ಮನೋರೋಗಿಗಳನ್ನು ಬಂದಾಗಲೂ ಹೊರಡುವಾಗಲೂ ಪರೀಕ್ಷಿಸಿದರು. ಅಲ್ಲಿ ಗುಳಿಗೆಯಿರಲಿಲ್ಲ, ಭೂತ ಬಿಡಿಸುತ್ತಿರಲಿಲ್ಲ. ಬೆಳಗಿನ ಪೂಜೆ, ಗುಡಿಸುವುದು, ಗಿಡಕ್ಕೆ ನೀರೆರೆಯುವುದು, ಜೊತೆಗೆ ಮನೆಯವರು. ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಹೋಲಿಸಲು ಬೇರೆ ಗುಂಪು ಇರಲಿಲ್ಲವಾದ್ದರಿಂದ ಕೊನೆಯ ಮಾತೇನೂ ಅಲ್ಲ. ಆದರೂ ಬೈಗುಳವಿಲ್ಲದ ಆಸರೆಗೆ ರೋಗಿ ಹೇಗೆ ಸ್ಪಂದಿಸುತ್ತಾನೆಂಬುದು ಮಂತ್ರಶಕ್ತಿಯಷ್ಟೇ ಕುತೂಹಲದ ವಿಷಯ.

ಆಸರೆ ಎಲ್ಲಕ್ಕೂ ಸಾಲದು. ಹಾವು ಕಡಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ರಾಜ್ಯದ 2017ರ ವಾಮಾಚಾರ ತಡೆ ಕಾನೂನಿನಡಿ ಅಪರಾಧ. ಕೊಳ್ಳೇಗಾಲದ ಸೀಮೆಗೆ ಇದಕ್ಕಿಂತ ಬೇಕಾದ ಕಾನೂನು ಮತ್ತೊಂದಿಲ್ಲ.

ಬದುಕನ್ನೇ ಬದಲಿಸುವ ಶೋಧ ಬೇಕೆನ್ನುವವರು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದತ್ತ ನೋಡಬಹುದು. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ಇಲ್ಲಿ. ಇಲ್ಲಿನ ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಮೂಳೆ ಹಿಂಡುವ ನೋವು, ಮತ್ತೆ ಮತ್ತೆ ಬರುವ ಕಾಮಾಲೆ. ಒಂದೇ ಮನೆಯ ಒಂದು ಮಗುವಿಗೆ ಬಂದು ಇನ್ನೊಂದಕ್ಕೆ ಬಾರದ ಕಾಯಿಲೆ. ಶಾಪವೆಂದು ಯಾರಿಗಾದರೂ ಅನ್ನಿಸೀತು. ಹಿಮೋಗ್ಲೋಬಿನ್ನಿನ ದೋಷವೇ ಕಾರಣವೆಂದು ಲೈನಸ್ ಪಾಲಿಂಗ್ ತಂಡ 1949ರಲ್ಲಿ ತೋರಿಸಿತು. ಇಂದು ಬೆರಳ ತುದಿಯ ರಕ್ತದಿಂದಲೇ, ತಮಗೆ ರೋಗವಿಲ್ಲದಿದ್ದರೂ ಈ ದೋಷವನ್ನು ಹೊತ್ತಿರುವ ವಾಹಕರನ್ನು ಗುರುತಿಸಬಹುದು. ಗಂಡ-ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಈ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.